ಕೈಗವಸು ತೆಗೆದುಕೊಳ್ಳದವರ ಪಟ್ಟಿ

ಮಿಸ್ ವರ್ಡೆಲ್ ಪೆಟಿಫರ್ಡ್ ಬಗ್ಗೆ ನನ್ನ ಎದುರಿಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಸುಮ್ಮನೆ ಕೂರುವವಳಲ್ಲ. ಗೇರಿ ಎಂಬ ಈ ನಮ್ಮ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಮಾತಾಡುವುದಿಲ್ಲ. ಅವರಿಗೆ ಈಗ ಎಪ್ಪತ್ತೆಂಟು ವರ್ಷ. ಐದಡಿಗೆ ಎರಡಿಂಚು ಕಡಿಮೆ. ತಲೆಗೆ ಬೂದು ಬಣ್ಣದ ವಿಗ್ಗು, ವಿಗ್ಗಿನೊಳಗೆ ಸಿಕ್ಕಿಸಿದ ಗಿಡ್ಡ ಪೆನ್ಸಿಲ್, ಕೈಚೀಲದಲ್ಲಿ ಸದಾ ಪೆಪ್ಪರ್‌ಮಿಂಟು. ಕೋರ್ಟಿಗೆ ಹೋಗಿ ಹಳೆಯ ಕೇಸುಗಳನ್ನು ಅಳಿಸಿಕೊಂಡು ಇವತ್ತು ಈ ಊರಿನಲ್ಲಿ ತಲೆಯೆತ್ತಿ ಓಡಾಡುವವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಆ ಪೆನ್ಸಿಲ್ಲಿನ ಕೆಳಗೆ ಹಾದು ಬಂದವರು. ವಾದ ಮಾಡಿದ ವಕೀಲರ ಫೋಟೋ ಪತ್ರಿಕೆಯಲ್ಲಿ ಬಂತು, ಸಹಿ ಹಾಕಿದ ಜಡ್ಜುಗಳಿಗೆ ಚಪ್ಪಾಳೆ ಬಿತ್ತು. ಮಿಸ್ ವರ್ಡೆಲ್ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಅದಕ್ಕೇ ನಾನು ಬರೆಯಲು ಕೂತಿದ್ದೇನೆ.

ಮಿಸಿಸಿಪ್ಪಿಯಲ್ಲಿ ಹುಟ್ಟಿ ಏಳನೇ ವಯಸ್ಸಿಗೆ ಅಪ್ಪನ ಹಿಂದೆ ರೈಲು ಹತ್ತಿ ಇಲ್ಲಿಗೆ ಬಂದವರು ಅವರು. ಅಪ್ಪನಿಗೆ ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ. ಮಗಳು ಶಾಲೆ ಮುಗಿಸಿ, ಕೂದಲು ಕಟ್ಟುವುದನ್ನು ಕಲಿತು, ಇಪ್ಪತ್ತೆರಡನೇ ವಯಸ್ಸಿನಲ್ಲಿ ಮಿಸ್ಟರ್ ಟ್ರಾವಿಕ್ ನಡೆಸುತ್ತಿದ್ದ, ಊರವರ ಅಂತ್ಯಕ್ರಿಯೆ ಮಾಡಿಸಿಕೊಡುವ ಸಂಸ್ಥೆಗೆ ಕೆಲಸಕ್ಕೆ ಸೇರಿದರು. ಸತ್ತವರ ತಲೆ ಬಾಚುವ ಕೆಲಸ. ಹೆದರಿಕೆ ಆಗಲಿಲ್ಲವೇ ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. ‘ಹೆದರಿಕೆ ಯಾಕೆ? ಬದುಕಿರೋರ ಥರ ಇವರು ತಲೆ ಅಲ್ಲಾಡಿಸಲ್ಲ, ನಡುವೆ ಫೋನು ಎತ್ತಲ್ಲ, ಆಮೇಲೆ ಕನ್ನಡಿ ನೋಡ್ಕೊಂಡು ಮುಖ ಸಿಂಡರಿಸಲ್ಲ,’ ಎಂದಿದ್ದರು.

ಎರಡು ವರ್ಷ ಕಳೆದ ಮೇಲೆ ಇನ್ನೊಂದು ಕೆಲಸವೂ ಅವರ ಪಾಲಿಗೆ ಬಂತು. ನಮ್ಮಲ್ಲಿ ಒಬ್ಬರು ಸತ್ತರೆಂದರೆ ಒಂದು ಪುಸ್ತಿಕೆ ಅಚ್ಚಾಗಲೇಬೇಕು. ಮುಖಪುಟದಲ್ಲಿ ಸತ್ತವರ ಚೆಂದದ ಫೋಟೋ, ಒಳಗೆ ಅವರ ಬದುಕಿನ ಕಥೆ, ಕೊನೆಯ ಪುಟದಲ್ಲಿ ಪೆಟ್ಟಿಗೆ ಹೊರುವ ಗಂಡಸರ ಹೆಸರು, ಹೂ ಹೊರುವ ಹೆಂಗಸರ ಹೆಸರು. ಹೊರುವವರೆಲ್ಲ ಪ್ರಾರ್ಥನೆಗೆ ಮುಂಚೆ ಬಾಗಿಲ ಬಳಿ ಬಂದು ಒಂದೊಂದು ಜೊತೆ ಬಿಳಿ ಕೈಗವಸು ತೆಗೆದುಕೊಳ್ಳಬೇಕು. ಕೈಗವಸು ಕೊಡುತ್ತಿದ್ದವರು ಮಿಸ್ ವರ್ಡೆಲ್. ತೆಗೆದುಕೊಂಡವರ ಹೆಸರಿನ ಪಕ್ಕ ಪುಸ್ತಿಕೆಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುವರು. ಗುರುತು ಬೀಳದ ಹೆಸರು ಉಳಿದರೆ ಬೆಂಚಿನಲ್ಲಿ ಕೂತ ಯಾರನ್ನಾದರೂ ಎಬ್ಬಿಸಿ ಜಾಗ ತುಂಬುವರು. ಎಲ್ಲ ಮುಗಿದ ಮೇಲೆ ಪುಸ್ತಿಕೆ ಮನೆಗೆ ತಂದು ಶೂ ಡಬ್ಬಿಯಲ್ಲಿ ಹಾಕಿಡುವರು. ನಲವತ್ತೊಂದು ವರ್ಷ ಹೀಗೇ ನಡೆಯಿತು. ಐವತ್ಮೂರು ಡಬ್ಬಿ ತುಂಬಿದವು. ‘ಏನಮ್ಮಾ ವರ್ಡೆಲ್, ಸತ್ತವರನ್ನ ನಾವು ಹೂಳ್ತೀವಿ, ನೀನು ಮನೆಗೆ ಕರ್ಕೊಂಡು ಹೋಗ್ತೀಯಲ್ಲ!’ ಎಂದು ಮಿಸ್ಟರ್ ಟ್ರಾವಿಕ್ ನಗುತ್ತಿದ್ದರಂತೆ.

ಆ ಡಬ್ಬಿಗಳು ಕೋರ್ಟಿಗೆ ದಾರಿ ತೋರಿಸುತ್ತವೆ ಎಂದು ಆಗ ಯಾರು ಕನಸು ಕಂಡಿದ್ದರು?

ನಮ್ಮ ರಾಜ್ಯದ ಕಾನೂನು ಒಂದು ವಿಚಿತ್ರ. ಶಿಕ್ಷೆ ಮುಗಿದು ಇಂತಿಷ್ಟು ವರ್ಷ ನೆಟ್ಟಗೆ ನಡೆದುಕೊಂಡವರು ಹಳೆಯ ಕೇಸುಗಳನ್ನು ಅಳಿಸಿಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಬಹುದು. ಆದರೆ ಹದಿನೆಂಟು ದಾಟಿದ ಮೇಲಿನ ಕೇಸುಗಳಿಗೆ ಆ ಅವಕಾಶ ಜನ್ಮಕ್ಕೆ ಒಂದೇ ಸಲ. ಬೇರೆ ಬೇರೆ ಜಿಲ್ಲೆಗಳಲ್ಲಿ ಕೇಸುಗಳಿದ್ದರೆ ಮೊದಲ ಅರ್ಜಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಎಲ್ಲ ಕಡೆಯೂ ಹಾಕಿ ಮುಗಿಸಬೇಕು. ಒಂದನ್ನು ಬಿಟ್ಟೆಯೋ, ಅದು ಹೆಚ್ಚುಕಡಿಮೆ ನಿನ್ನ ಜೊತೆಗೇ ಗುಂಡಿಗೆ ಬರುತ್ತದೆ.

ಕಾನೂನು ಬಂದ ವರ್ಷ ಮಿಸ್ ವರ್ಡೆಲ್ ಅವರ ತಮ್ಮನ ಮಗ ಕ್ಲೀವನ್ ಎಲ್ಲರಿಗಿಂತ ಮೊದಲು ಓಡಿಹೋಗಿ ಅರ್ಜಿ ಹಾಕಿದ. ಕೇಸು ಅಳಿಸಿಹೋಯಿತು, ಬೀದಿಗೆಲ್ಲ ಮೀನು ಕರಿದು ಹಂಚಿದ. ಮೂರು ವರ್ಷದ ಮೇಲೆ ಲಾರಿ ಕಂಪನಿಯೊಂದು ಕೆಲಸ ಕೊಡುವ ಮೊದಲು ಪೊಲೀಸ್ ದಾಖಲೆ ನೋಡಲು ಅವನ ಬೆರಳಚ್ಚು ತೆಗೆಸಿತು. ಬೇರೆ ಜಿಲ್ಲೆಯ ಸೌತ್ ಬೆಂಡಿನಲ್ಲಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಆದ ಒಂದು ಹಳೆಯ ಕೇಸು ಎದ್ದು ಬಂತು. ಅವನು ಅದನ್ನು ನಿಜವಾಗಿಯೂ ಮರೆತಿದ್ದ. ಮರೆತೆ ಎಂದರೆ ನಂಬುವವರು ಯಾರು? ಇವತ್ತಿಗೂ ಅವನು ಟ್ರಾವಿಕ್ ಅವರ ಶವದ ಕಾರು ತೊಳೆಯುತ್ತಿದ್ದಾನೆ. ಸುದ್ದಿ ತಿಳಿದ ಮಿಸ್ ವರ್ಡೆಲ್ ಡಬ್ಬಿಗಳನ್ನೆಲ್ಲ ಹಾಲಿನಲ್ಲಿ ಸುರಿದು ಹುಡುಕಿದರು. ಕ್ಲೀವನ್‌ಗೆ ಹತ್ತೊಂಬತ್ತಾಗಿದ್ದ ವರ್ಷ ಸತ್ತ ಅವನ ಚಿಕ್ಕಪ್ಪನ ಪುಸ್ತಿಕೆ ಸಿಕ್ಕಿತು. ಪೆಟ್ಟಿಗೆ ಹೊರುವವರು ಆರು ಜನ, ಗುರುತು ಐದೇ, ಗುರುತಿಲ್ಲದ ಹೆಸರು ಕ್ಲೀವನ್‌ನದು. ‘ಇಲ್ಲೇ ಇತ್ತಲ್ಲೋ ಕ್ಲೀವನ್! ನನ್ನ ಮಂಚದ ಕೆಳಗೇ ಬಿದ್ದಿತ್ತಲ್ಲೋ!’ ಎಂದು ಅತ್ತುಬಿಟ್ಟರಂತೆ. ಮುಂದಿನ ಶನಿವಾರದಿಂದಲೇ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಅರ್ಜಿ ಶಿಬಿರದಲ್ಲಿ, ವಕೀಲರ ಮೇಜಿಗಿಂತ ಮುಂದೆ, ಬಾಗಿಲಿಗೆ ಅಡ್ಡಲಾಗಿ ತಮ್ಮದೊಂದು ಮೇಜು ಹಾಕಿಕೊಂಡು ಕೂತರು.

ಎಲ್ಲಿ ಅರೆಸ್ಟಾದೆ, ಯಾವಾಗ ಅರೆಸ್ಟಾದೆ ಎಂದು ಅವರು ಯಾರನ್ನೂ ಕೇಳುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: ‘ಯಾರ ಮಣ್ಣಿಗೆ ಬರಲಿಲ್ಲ ನೀನು?’

ಆರಡಿ ಎತ್ತರದ ಗಂಡಸರು ಆ ಪ್ರಶ್ನೆಗೆ ಕುರ್ಚಿಯಲ್ಲಿ ಕುಗ್ಗಿಹೋಗುವುದನ್ನು ನಾನು ನೋಡಿದ್ದೇನೆ. ಲಾಕಪ್ಪಿನಲ್ಲಿ ಕಳೆದ ಎರಡು ದಿನ ಮನುಷ್ಯನಿಗೆ ಮರೆತುಹೋಗುತ್ತದೆ. ಸಾಕಿದ ದೊಡ್ಡಮ್ಮನ ಮಣ್ಣಿಗೆ ಹೋಗಲಿಲ್ಲ ಎಂಬುದು ಮರೆಯುವುದಿಲ್ಲ. ಅವರು ಹೆಸರು ಹೇಳುವರು, ಮಿಸ್ ವರ್ಡೆಲ್ ಪುಸ್ತಿಕೆ ತೆಗೆಯುವರು, ಅದರಲ್ಲಿ ತಾರೀಕು ಇರುತ್ತದೆ. ತಾರೀಕು ಸಿಕ್ಕಿದರೆ ಯಾವ ಜಿಲ್ಲೆಯ ಯಾವ ಕೋರ್ಟಿನಲ್ಲಿ ಹುಡುಕಬೇಕೆಂದು ವಕೀಲರಿಗೆ ಗೊತ್ತಾಗುತ್ತದೆ.

ಈಗ ನನ್ನ ಕಥೆಗೆ ಬರುತ್ತೇನೆ. ಅದಿಲ್ಲದೆ ಅವರ ಕಥೆ ಮುಗಿಯುವುದಿಲ್ಲ.

ನನ್ನ ಹೆಸರು ಕಾರ್ಲೆಟ್ಟಾ ಬ್ರೂಸ್ಟರ್. ಆಗ ನಲವತ್ತೇಳು ವರ್ಷ. ಹನ್ನೆರಡು ವರ್ಷದಿಂದ ಶಾಲಾ ಬಸ್ಸುಗಳ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದೆ. ನಲವತ್ತಡಿಯ ಬಸ್ಸನ್ನು ಎರಡು ಕಂಬಗಳ ನಡುವೆ ಕನ್ನಡಿ ನೋಡಿಕೊಂಡೇ ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದೆ. ಎಷ್ಟೋ ಡ್ರೈವರುಗಳಿಗೆ ಅದು ಬರುತ್ತಿರಲಿಲ್ಲ. ಆದರೆ ಮಕ್ಕಳನ್ನು ಕೂರಿಸಿಕೊಂಡು ಗೇಟು ದಾಟುವ ಹಕ್ಕು ನನಗಿರಲಿಲ್ಲ, ಕೇಸುಗಳಿದ್ದವು. ನಮ್ಮ ಡಿಪೋದ ಮೇಲ್ವಿಚಾರಕ ಮಿಸ್ಟರ್ ಡುಬೋಸ್ ಮಾರ್ಚ್ ತಿಂಗಳಲ್ಲಿ ನನ್ನನ್ನು ಕರೆದು, ‘ಲೆಟ್ಟಾ, ಆಗಸ್ಟಿಗೆ ಇಪ್ಪತ್ತಾರನೇ ಮಾರ್ಗದ ಡ್ರೈವರು ನಿವೃತ್ತಿ ಆಗ್ತಿದ್ದಾರೆ. ಬೆರಳಚ್ಚಿಗೆ ಏನೂ ಬರ್ಲಿಲ್ಲ ಅಂದ್ರೆ ಆ ಸ್ಟಿಯರಿಂಗು ನಿಂದೇ. ಬಂತು ಅಂದ್ರೆ ನನ್ನ ಕೈಲಿ ಏನೂ ಇಲ್ಲಮ್ಮ,’ ಎಂದರು.

ಶನಿವಾರ ಶಿಬಿರಕ್ಕೆ ಹೋದೆ. ಬಾಗಿಲಲ್ಲೇ ಮಿಸ್ ವರ್ಡೆಲ್.

‘ಹೆಸರು?’

‘ನನ್ನ ಹೆಸರು ನಿಮಗೆ ಗೊತ್ತಿಲ್ವಾ ಮಿಸ್ ವರ್ಡೆಲ್? ನಾನು ಹುಟ್ಟಿದಾಗ ಅಮ್ಮಂಗೆ ಸೂಪು ತಂದುಕೊಟ್ಟೋರು ನೀವೇ ಅಲ್ವಾ!’

‘ಈ ಕುರ್ಚೀಲಿ ಕೂತಾಗ ನಂಗೆ ಯಾರೂ ಗೊತ್ತಿಲ್ಲ. ಹೆಸರು?’

ಹೇಳಿದೆ. ಕೇಸುಗಳನ್ನೂ ಹೇಳಿದೆ. ಹದಿನೈದನೇ ವಯಸ್ಸಿನಲ್ಲಿ ಶಾಲಾ ಬಸ್ಸಿನೊಳಗೆ ಒಬ್ಬ ಹುಡುಗನ ತಲೆಗೆ ಊಟದ ಡಬ್ಬಿಯಿಂದ ಬಾರಿಸಿ ಮಕ್ಕಳ ಕೋರ್ಟಿಗೆ ಹೋಗಿದ್ದು ಒಂದು. ಇಪ್ಪತ್ತೇಳನೇ ವಯಸ್ಸಿನಲ್ಲಿ ಬಿಟ್ಟುಹೋದ ಗಂಡನ ಹೊಸ ಕಾರಿನ ಗಾಜಿಗೆ ಇಟ್ಟಿಗೆ ಎಸೆದದ್ದು ಇನ್ನೊಂದು. ಹಿಂದೆ ಸಾಲಿನಲ್ಲಿ ನಿಂತಿದ್ದವನೊಬ್ಬ, ‘ಬಸ್ಸಲ್ಲಿ ಹೊಡೆದಾಡಿದೋಳು ಬಸ್ ಡ್ರೈವರ್ ಆಗ್ತಾಳಂತೆ ಕಣ್ರಪ್ಪೋ!’ ಎಂದು ನಕ್ಕ. ‘ನೀನು ಹತ್ತು ನನ್ನ ಬಸ್ಸಿಗೆ, ಡಬ್ಬಿ ಇನ್ನೂ ಇದೆ,’ ಎಂದೆ.

ಮಿಸ್ ವರ್ಡೆಲ್ ನಗಲಿಲ್ಲ. ‘ಎರಡೇನಾ?’

‘ಎರಡೇ. ಸಾಲ್ದಾ?’

‘ಯಾರ ಮಣ್ಣಿಗೆ ಬರಲಿಲ್ಲ ನೀನು?’

‘ಎಲ್ಲರ ಮಣ್ಣಿಗೂ ಬಂದಿದೀನಿ.’

‘ಎಲ್ಲರದ್ದಕ್ಕೂ?’

‘ಬಂದಿದೀನಿ ಅಂದ್ನಲ್ಲ! ನನ್ನೇನು ಕಳ್ಳಿ ಅಂದ್ಕೊಂಡ್ರಾ?’

ಅವರು ಕೈಚೀಲದಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ‘ತಗೋ. ಬಾಯಿ ಸುಡ್ತಿದೆ ನಿಂದು.’

ನನಗೆ ಉರಿದುಹೋಯಿತು. ಕಾಗದ ಎಳೆದುಕೊಂಡು ನೇರವಾಗಿ ವಕೀಲೆ ಮಿಸ್ ರೆನ್ವಿಕ್ ಅವರ ಮೇಜಿಗೆ ಹೋದೆ. ಒಳ್ಳೆಯ ಹುಡುಗಿ, ಚುರುಕು. ಅರ್ಧ ಗಂಟೆಯಲ್ಲಿ ಅರ್ಜಿ ತಯಾರು ಮಾಡಿದಳು. ಕೊನೆಯ ಪುಟದಲ್ಲಿ, ಇವನ್ನು ಬಿಟ್ಟು ನನ್ನ ಮೇಲೆ ಬೇರೆ ಯಾವ ಶಿಕ್ಷೆಯೂ ಆಗಿಲ್ಲ ಎಂದು ಪ್ರಮಾಣ ಮಾಡುವ ಸಾಲಿತ್ತು. ಅದರ ಕೆಳಗೆ ಗುಂಡಗೆ ಸಹಿ ಹಾಕಿದೆ. ಸೋಮವಾರ ಕ್ರೌನ್ ಪಾಯಿಂಟಿನಲ್ಲಿರುವ ನಮ್ಮ ಜಿಲ್ಲಾ ಕೋರ್ಟಿಗೆ ನಾನೇ ಹೋಗಿ ಸಲ್ಲಿಸುತ್ತೇನೆಂದು ಜಂಬದಿಂದ ಹೇಳಿ ಬಂದೆ.

ನಡುವೆ ಭಾನುವಾರವಿತ್ತು. ನಮ್ಮ ಚರ್ಚಿನಲ್ಲಿ ಜನರನ್ನು ಕೂರಿಸುವ ತಂಡಕ್ಕೆ ಮಿಸ್ ವರ್ಡೆಲ್ ಹಿರಿಯರು. ಬಿಳಿ ಉಡುಪು, ಬಿಳಿ ಬೂಟು. ಪ್ರಾರ್ಥನೆ ಶುರುವಾದ ಮೇಲೆ ಆ ತಂಡದವರು ಬಾಯಿ ಬಿಡುವುದಿಲ್ಲ, ಎಲ್ಲವೂ ಕೈಸನ್ನೆ. ನನ್ನನ್ನು ನೋಡಿ ಎರಡು ಬೆರಳು ಎತ್ತಿ ಎರಡನೇ ಸಾಲು ಎಂದರು. ಕೂತೆ. ಅಂದಿನ ಹಾಡುಗಳ ಹಾಳೆಯನ್ನು ಕೈಗೆ ಕೊಟ್ಟರು. ಅದರೊಳಗೆ ಇನ್ನೇನೋ ದಪ್ಪಗೆ ಇತ್ತು.

ಬಿಚ್ಚಿದರೆ ಅಜ್ಜಿ! ನೇರಳೆ ಬಣ್ಣದ ಟೋಪಿ ಹಾಕಿಕೊಂಡು ನಗುತ್ತಿರುವ ನನ್ನ ಲುವೀನಿಯಾ ಅಜ್ಜಿ. ನವೆಂಬರ್ ಹದಿನೈದು, ೧೯೯೭, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಕೊನೆಯ ಪುಟದಲ್ಲಿ ಹೂ ಹೊರುವವರು ಒಂಬತ್ತು ಜನ, ಎಲ್ಲರೂ ಮೊಮ್ಮಕ್ಕಳು, ಸೊಸೆಯಂದಿರು. ಎಂಟು ಹೆಸರಿಗೆ ಗುರುತು. ಒಂಬತ್ತನೆಯದು ಕಾರ್ಲೆಟ್ಟಾ. ಅದರ ಪಕ್ಕ ಗುರುತಿಲ್ಲ. ಸಣ್ಣ ಅಕ್ಷರದಲ್ಲಿ, ಮಾಸಿದ ಪೆನ್ಸಿಲ್ಲಿನಲ್ಲಿ ಹೀಗಿತ್ತು: ‘ಈಕೆಯ ಹೂ ನಾನು ಹೊತ್ತೆ. ವ. ಪೆ.’

ಮೇಲೆ ಗಾಯಕರು ಏನು ಹಾಡಿದರೋ, ಪಾದ್ರಿ ಏನು ಹೇಳಿದರೋ, ನನಗೆ ಒಂದೂ ಕೇಳಿಸಲಿಲ್ಲ. ಮಿಷಿಗನ್ ಸಿಟಿಯಿಂದ ಬರುವ ಬಸ್ಸು ಹಿಮದಲ್ಲಿ ಕೆಟ್ಟುನಿಂತಿತು, ಅದಕ್ಕೇ ಅಜ್ಜಿಯ ಮಣ್ಣಿಗೆ ಬರಲಾಗಲಿಲ್ಲ ಎಂದು ಇಪ್ಪತ್ತಾರು ವರ್ಷ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅಮ್ಮ ಅದನ್ನು ನಂಬಿಕೊಂಡೇ ಕಣ್ಣು ಮುಚ್ಚಿದಳು. ಆ ದಿನ ನಾನು ಮಿಷಿಗನ್ ಸಿಟಿ ಇರುವ ಪಕ್ಕದ ಲಪೋರ್ಟ್ ಜಿಲ್ಲೆಯ ಲಾಕಪ್ಪಿನಲ್ಲಿದ್ದೆ. ಅದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಕ್ಲೀವನ್ ಥರ ನಾನೇನೂ ಮರೆತಿರಲಿಲ್ಲ. ಹಳೆಯ ಕಾಲದ ಚಿಕ್ಕ ಕೇಸು, ಇಲಿ ತಿಂದಿರುತ್ತದೆ, ಯಾರಿಗೆ ಸಿಗುತ್ತದೆ ಎಂಬ ಭಂಡ ಧೈರ್ಯ; ಅಜ್ಜಿಯ ಹೆಸರೆತ್ತಿದರೆ ತಾರೀಕು ಹೊರಬೀಳುತ್ತದೆಂದೇ ಶನಿವಾರ ಎಲ್ಲರ ಮಣ್ಣಿಗೂ ಬಂದಿದ್ದೇನೆ ಎಂದಿದ್ದೆ. ತಲೆಯೆತ್ತಿ ನೋಡಿದರೆ ಮಿಸ್ ವರ್ಡೆಲ್ ಹಿಂದಿನ ಬಾಗಿಲ ಬಳಿ ನೆಟ್ಟಗೆ ನಿಂತಿದ್ದರು. ನನ್ನ ಕಡೆ ನೋಡಲೂ ಇಲ್ಲ.

ಇಷ್ಟಾದರೂ ಸೋಮವಾರ ಕ್ರೌನ್ ಪಾಯಿಂಟಿಗೆ ಹೋದೆ ಎಂದರೆ ನನ್ನ ಹಟ ಎಂಥದು ನೋಡಿ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಕಿಟಕಿಯ ಹಿಂದಿನ ಹೆಂಗಸು ಕೈಚಾಚಿದಳು. ಅರ್ಜಿಯನ್ನು ಮುಂದೆ ಹಿಡಿದೆ, ಆದರೆ ನನ್ನ ಬೆರಳುಗಳು ಅದನ್ನು ಬಿಡಲಿಲ್ಲ. ಅವಳು ಆ ಕಡೆಯಿಂದ ಎಳೆಯುತ್ತಾಳೆ, ನಾನು ಈ ಕಡೆಯಿಂದ ಹಿಡಿದಿದ್ದೇನೆ.

‘ಮೇಡಂ, ಬಿಟ್ರೆ ತಾನೇ ನಾನು ಸೀಲು ಹಾಕೋಕಾಗೋದು?’

‘ಸೀಲು ಬೇಡ. ಇದರಲ್ಲಿ ಒಂದು ಸುಳ್ಳಿದೆ,’ ಎಂದುಬಿಟ್ಟೆ. ಹಿಂದಿನ ಸಾಲಿನಲ್ಲಿ ನಗು ಎದ್ದಿತು. ‘ಒಂದೇನಾ? ಪುಣ್ಯವಂತೆ!’ ಎಂದನೊಬ್ಬ. ಅರ್ಜಿ ಕಿತ್ತುಕೊಂಡು ಹೊರಗೆ ಬಂದೆ.

ನೇರವಾಗಿ ಮಿಸ್ ವರ್ಡೆಲ್ ಮನೆಗೆ ಹೋದೆ. ಅವರು ಅಡುಗೆಮನೆಯಲ್ಲಿ ಸೊಪ್ಪು ತೊಳೆಯುತ್ತಿದ್ದರು. ಸಿಂಕಿನ ತುಂಬ ಅಗಲವಾದ ಕಾಲರ್ಡ್ ಎಲೆ, ಒಲೆಯ ಮೇಲೆ ಹೊಗೆ ಹಾಕಿದ ಟರ್ಕಿ ಕೋಳಿಯ ಮಾಂಸ ಬೇಯುತ್ತಿತ್ತು. ‘ದಂಟು ಬಿಡಿಸು,’ ಎಂದು ಒಂದು ರಾಶಿ ನನ್ನ ಮುಂದೆ ತಳ್ಳಿದರು. ಕೈಗೆ ಕೆಲಸ ಸಿಕ್ಕಿದ ಮೇಲೆ ಬಾಯಿ ಬಂತು.

‘ಬಸ್ಸು ಕೆಟ್ಟಿರಲಿಲ್ಲ ಮಿಸ್ ವರ್ಡೆಲ್.’

‘ಹೂಂ.’

‘ಮಿಷಿಗನ್ ಸಿಟೀಲಿ ಹೋಟೆಲಲ್ಲಿ ತಟ್ಟೆ ಎತ್ತೋ ಕೆಲಸ ಮಾಡ್ತಿದ್ದೆ ಆಗ. ಅಜ್ಜಿ ಹೋದ್ಲು ಅಂತ ಫೋನ್ ಬಂತು. ಹೂ ಹೊರೋರಲ್ಲಿ ನನ್ನ ಹೆಸರು ಹಾಕಿದಾರೆ ಅಂದ್ರು. ನನ್ನ ಹತ್ರ ಒಂದು ಕಪ್ಪು ಬಟ್ಟೆ ಇರ್ಲಿಲ್ಲ. ಇದ್ದಿದ್ದು ಹೋಟೆಲಿನ ಕಿತ್ತಳೆ ಬಣ್ಣದ ಅಂಗಿ. ಚಿಕ್ಕಮ್ಮಂದಿರೆಲ್ಲ ನೋಡ್ತಾರಲ್ಲ, ಲುವೀನಿಯಾ ಮೊಮ್ಮಗಳು ಎಂಥಾ ಗತಿಗೆ ಬಂದ್ಲು ಅಂತ... ಅಂಗಡಿಗೆ ಹೋದೆ. ಕೋಟಿನ ಒಳಗೆ ಹಾಕ್ಕೊಂಡೆ. ಬಾಗಿಲಲ್ಲೇ ಹಿಡಿದ್ರು. ಗುರುವಾರ ಒಳಗೆ ಹಾಕಿದ್ರು, ಸೋಮವಾರ ಜಡ್ಜು, ಕೂತಿದ್ದ ದಿನಗಳೇ ಶಿಕ್ಷೆ ಆಯ್ತು ಹೋಗು ಅಂದ್ರು. ಶನಿವಾರ ಹನ್ನೊಂದು ಗಂಟೆಗೆ ನಾನು ಕಂಬಿ ಹಿಡ್ಕೊಂಡು ನಿಂತಿದ್ದೆ, ಈಗ ಹೂ ಎತ್ತಿರ್ತಾರೆ ಅಂತ.’

ಮಿಸ್ ವರ್ಡೆಲ್ ನಲ್ಲಿ ನಿಲ್ಲಿಸಿದರು. ‘ಎಷ್ಟನೇ ನಂಬರು?’

‘ಏನು?’

‘ಬಟ್ಟೆ. ಎಷ್ಟನೇ ನಂಬರು ಆಗ್ತಿತ್ತು ನಿಂಗೆ ಆಗ?’

‘ಹತ್ತು.’

‘ಅಯ್ಯೋ ನನ್ನ ಪೆದ್ದೀ!’ ಎಂದು ಅವರು ಒದ್ದೆ ಕೈಯಲ್ಲೇ ನನ್ನ ಬೆನ್ನಿಗೆ ಗುದ್ದಿದರು. ‘ಟ್ರಾವಿಕ್ ಬೀರೂಲಿ ಕಪ್ಪು ಬಟ್ಟೆ ಸಾಲಾಗಿ ನೇತು ಹಾಕಿದ್ದೆ ಕಣೇ, ಇಲ್ದೋರಿಗೆ ಅಂತಾನೇ! ಹತ್ತನೇ ನಂಬರಿಂದು ಮೂರಿತ್ತು! ಒಂದು ಫೋನ್ ಮಾಡ್ಬಾರ್ದಿತ್ತೇನೇ?’

ಅಳು ಬಂತು. ನಾಚಿಕೆ ಬಿಟ್ಟು, ಸೊಪ್ಪಿನ ರಾಶಿಯ ಮೇಲೆ ತಲೆಯಿಟ್ಟು ಅತ್ತೆ. ಅಜ್ಜಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

‘ನಿಮಗೆ ಇಷ್ಟು ವರ್ಷ ಗೊತ್ತಿತ್ತು. ಯಾಕೆ ಕೇಳಲಿಲ್ಲ?’

‘ನೀನು ಬರಲಿಲ್ಲ ಅನ್ನೋದು ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ. ಅದನ್ನ ನೀನು ಹೇಳ್ಬೇಕಿತ್ತು, ಹೇಳಿದೆ. ಏಳು, ಮೂಗು ಒರೆಸ್ಕೋ. ಸೊಪ್ಪಿಗೆ ಉಪ್ಪು ಸಾಕಷ್ಟಾಯ್ತು.’

ಆ ವಾರವೇ ಮಿಸ್ ರೆನ್ವಿಕ್ ಕಾರಿನಲ್ಲಿ ನಾವು ಮೂವರೂ ಲಪೋರ್ಟಿನ ಕೋರ್ಟಿಗೆ ಹೋದೆವು. ಅಷ್ಟು ಹಳೆಯದು ಕಂಪ್ಯೂಟರಿನಲ್ಲಿಲ್ಲ, ತಾರೀಕು ಗೊತ್ತಿದ್ದರೆ ಕೆಳಗಿನ ಕೋಣೆಯಲ್ಲಿ ಹುಡುಕಬಹುದು ಎಂದರು ಅಲ್ಲಿನವರು. ನಾನು ಹಿಂದಿರುಗಿಸಿದ್ದ ಅಜ್ಜಿಯ ಪುಸ್ತಿಕೆಯನ್ನು ಮಿಸ್ ವರ್ಡೆಲ್ ಕೈಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟರು. ‘ಹದಿನೈದಕ್ಕೆ ಮಣ್ಣು. ಹದಿಮೂರಕ್ಕೆ ಹಿಡಿದಿದಾರೆ, ಹದಿನೇಳಕ್ಕೆ ಬಿಟ್ಟಿದಾರೆ. ಅಲ್ಲಿ ನೋಡಪ್ಪ.’ ಇಪ್ಪತ್ತು ನಿಮಿಷದಲ್ಲಿ ಫೈಲು ಮೇಲೆ ಬಂತು. ಇಲಿ ತಿಂದಿರಲಿಲ್ಲ. ‘ಒಂದು ಹೆಣ್ಣುಮಕ್ಕಳ ಉಡುಪು, ಕಪ್ಪು’ ಎಂದು ಅದರಲ್ಲಿ ಬರೆದಿತ್ತು.

ಹೊಸ ಅರ್ಜಿಗಳು ತಯಾರಾದವು. ಹದಿನೆಂಟು ದಾಟಿದ ಮೇಲಿನ ಎರಡೂ ಕೇಸುಗಳನ್ನು ಎರಡರಲ್ಲೂ ಕಾಣಿಸಿ, ಒಂದೇ ವಾರದಲ್ಲಿ ಎರಡೂ ಜಿಲ್ಲೆಗಳಲ್ಲಿ ಸಲ್ಲಿಸಿದೆವು. ಡಬ್ಬಿಯಿಂದ ಬಾರಿಸಿದ ಹಳೆಯ ಕಥೆಗೆ ಮಕ್ಕಳ ಕೋರ್ಟಿನಲ್ಲಿ ಬೇರೆ ಅರ್ಜಿ. ಅದು ಬೇಗ ಮುಗಿಯಿತು, ಆದೇಶ ಅಂಚೆಯಲ್ಲೇ ಬಂತು. ಗಂಡನ ಕಾರಿನ ಗಾಜಿನ ಕೇಸಿಗೂ ತಕರಾರು ಏಳಲಿಲ್ಲ. ಲಪೋರ್ಟಿನ ಜಡ್ಜು ಮಾತ್ರ ನನ್ನನ್ನು ಎದುರಿಗೆ ಕರೆಸಿದರು. ಜೂನ್ ತಿಂಗಳು. ಕನ್ನಡಕ ಹಾಕಿದ ಎಳೆಯ ವಯಸ್ಸಿನ ಮನುಷ್ಯ, ೧೯೯೭ರಲ್ಲಿ ಶಾಲೆಗೆ ಹೋಗುತ್ತಿದ್ದರೇನೋ. ಮಿಸ್ ವರ್ಡೆಲ್ ಹಿಂದಿನ ಬೆಂಚಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

‘ಮಿಸ್ ಬ್ರೂಸ್ಟರ್, ಈ ಫೈಲಿನಲ್ಲಿ ಒಂದು ಕಪ್ಪು ಉಡುಪು ಎಂದಿದೆ. ನಿಮಗೆ ನೆನಪಿದೆಯೇ?’

‘ಇದೆ, ಯುವರ್ ಆನರ್.’

‘ಯಾತಕ್ಕೆ ಬೇಕಿತ್ತು?’

ಅಡುಗೆಮನೆಯಲ್ಲಿ ಒಮ್ಮೆ ಹೇಳಿದ್ದಕ್ಕೇ ಇರಬೇಕು, ಈ ಸಲ ಮಾತು ಸಲೀಸಾಗಿ ಬಂತು. ‘ನನ್ನ ಅಜ್ಜಿಯ ಮಣ್ಣಿಗೆ ಹಾಕ್ಕೊಂಡು ಹೋಗೋಕೆ. ಕದ್ದಿದ್ದು ತಪ್ಪು. ಅದಕ್ಕೆ ಶಿಕ್ಷೆ ನಿಮ್ಮ ಕೋರ್ಟು ನಾಲ್ಕು ದಿನ ಕೊಡ್ತು. ಇಪ್ಪತ್ತಾರು ವರ್ಷ ನಾನೇ ಕೊಟ್ಕೊಂಡೆ.’

ಅವರು ಫೈಲಿನ ಹಾಳೆ ತಿರುವಿದರು. ‘ಈಗ ಅಳಿಸಿದರೆ ಏನು ಮಾಡುತ್ತೀರಿ?’

‘ಶಾಲಾ ಬಸ್ಸು ಓಡಿಸ್ತೀನಿ. ಇಪ್ಪತ್ತಾರನೇ ಮಾರ್ಗ. ಐವತ್ತೆರಡು ಮಕ್ಕಳು.’

‘ಹಿಂದಕ್ಕೆ ತೆಗೆಯಲು ಬರುತ್ತದೆಯೇ? ನಮ್ಮ ಮನೆಯ ಮುಂದಿನ ಬಸ್ಸು ಪ್ರತಿ ವಾರ ಅಂಚೆ ಡಬ್ಬಿಗೆ ಗುದ್ದುತ್ತದೆ.’

‘ವಿಳಾಸ ಕೊಡಿ, ಆ ಡ್ರೈವರಿಗೆ ನಾನೇ ಕಲಿಸ್ತೀನಿ,’ ಎಂದೆ. ಕೋರ್ಟು ನಕ್ಕಿತು. ಅವರೂ ನಕ್ಕು, ಪೆನ್ನು ತೆಗೆದು, ಸಹಿ ಹಾಕಿದರು. ಆ ಪೆನ್ನಿನ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಹೊರಗೆ ಬಂದು ಮಿಸ್ ವರ್ಡೆಲ್ ಅವರನ್ನು ತಬ್ಬಿಕೊಂಡು ನೆಲದಿಂದ ಎತ್ತಿಬಿಟ್ಟೆ. ‘ಇಳಿಸೇ, ವಿಗ್ಗು ಬೀಳುತ್ತೆ!’ ಎಂದು ಕಿರುಚಿದರು.

ಜುಲೈ ಕೊನೆಗೆ ಬೆರಳಚ್ಚು ಕೊಟ್ಟೆ. ಏನೂ ಬರಲಿಲ್ಲ. ಮಿಸ್ಟರ್ ಡುಬೋಸ್ ಇಡೀ ಡಿಪೋದ ಎದುರಿಗೆ ಬಸ್ಸಿನ ಕೀಲಿಕೈ ನನ್ನ ಅಂಗೈಯಲ್ಲಿಟ್ಟರು. ಹನ್ನೆರಡು ವರ್ಷ ಹೊರಗಿನಿಂದ ಗಾಜು ಒರೆಸಿದ ಬಸ್ಸಿನೊಳಗೆ ಸ್ಟಿಯರಿಂಗ್ ಹಿಡಿದು ಕೂತು, ಕನ್ನಡಿಯಲ್ಲಿ ಐವತ್ತೆರಡು ತಲೆ ಎಣಿಸಿ, ಗೇಟು ದಾಟಿದೆ. ಮೊದಲ ದಿನ ಯಾರಿಗೂ ಊಟದ ಡಬ್ಬಿ ಎತ್ತಲು ಬಿಡಲಿಲ್ಲ.

ಶಾಲೆ ಶುರುವಾದ ಮೊದಲ ಶನಿವಾರ ಬೆಳಿಗ್ಗೆ ಮಿಸ್ ವರ್ಡೆಲ್ ಫೋನು ಮಾಡಿದರು. ‘ಕಪ್ಪು ಬಟ್ಟೆ ಇದೆಯಾ?’

‘ಇದೆ. ದುಡ್ಡು ಕೊಟ್ಟು ತಗೊಂಡಿದ್ದು.’

‘ಹಾ, ಹಾಕ್ಕೊಂಡು ಬಾ.’

ಹನ್ನೊಂದು ಗಂಟೆಗೆ ಸ್ಮಶಾನದ ಗೇಟಿನಲ್ಲಿ ಅವರು ಬಿಳಿ ಉಡುಪಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಹಳದಿ ಸೇವಂತಿಗೆ, ಇನ್ನೊಂದರಲ್ಲಿ ಬಿಳಿ ಕೈಗವಸು. ನಾನು ಕೈಗವಸು ಹಾಕಿಕೊಂಡೆ, ಹೂ ತೆಗೆದುಕೊಂಡೆ. ಅವರು ಎಡಗೈ ಬೆನ್ನ ಹಿಂದೆ ಕಟ್ಟಿ, ಬಲಗೈಯಿಂದ ದಾರಿ ತೋರಿಸುತ್ತ ಮುಂದೆ ನಡೆದರು. ನಾನು ಬೇಗ ಬೇಗ ಹೆಜ್ಜೆ ಹಾಕಿದೆ.

‘ನಿಧಾನ. ಬಸ್ಸಲ್ಲ ಇದು.’

ಲುವೀನಿಯಾ ಅಜ್ಜಿಯ ಕಲ್ಲಿನ ಮುಂದೆ ಹೂ ಇಟ್ಟೆ. ಪೆಟ್ಟಿಗೆ ಇಳಿದ ಮೇಲೆ ಹೊತ್ತವರು ಕೈಗವಸು ಕಳಚಿ ಅದರ ಮೇಲೆ ಬಿಡುವುದು ನಮ್ಮ ಪದ್ಧತಿ. ನಾನೂ ಕಳಚಿ ಕಲ್ಲಿನ ಮೇಲಿಟ್ಟೆ. ‘ಬಸ್ಸು ಕೆಟ್ಟಿರಲಿಲ್ಲ ಅಜ್ಜೀ,’ ಎಂದೆ.

ಮಿಸ್ ವರ್ಡೆಲ್ ಪುಸ್ತಿಕೆ ಬಿಡಿಸಿ, ವಿಗ್ಗಿನಿಂದ ಪೆನ್ಸಿಲ್ ತೆಗೆದು ತುದಿಯನ್ನು ನಾಲಿಗೆಗೆ ತಾಗಿಸಿದರು.

‘ಹಳೇ ಬರಹಾನ ಅಳಿಸ್ತೀರಾ?’ ಎಂದು ಕೇಳಿದೆ.

‘ಅಳಿಸೋದು ಕೋರ್ಟಿನ ಕೆಲಸ. ನಾನು ಬಂದೋರಿಗೆ ಗುರುತು ಹಾಕೋಳು.’

ನನ್ನ ಹೆಸರಿನ ಪಕ್ಕ ಒತ್ತಿ ಗುರುತು ಹಾಕಿದರು. ಅದರ ಮುಂದೆ ‘ತಡವಾಗಿ ಬಂದಳು’ ಎಂದು ಬರೆದು ತಾರೀಕು ಹಾಕಿದರು. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಎಣಿಸಿದರು.

‘ಒಂಬತ್ತಕ್ಕೆ ಒಂಬತ್ತು,’ ಎಂದು ಅಜ್ಜಿಯ ಕಲ್ಲಿಗೆ ಕೇಳಿಸುವಂತೆ ಹೇಳಿ, ಪುಸ್ತಿಕೆ ಮಡಚಿ ಕೈಚೀಲಕ್ಕೆ ಹಾಕಿಕೊಂಡರು.